ಅರಳಿ ಬೇವಿನ ಮದುವೆಗೆ ಬಂದ ಮುಯ್ಯಿ

ಬಹಳ ಹಿಂದೆ, ಜನಕ್ಕೆ ಕಾಯಿಲೆ ಕಡಿಮೆ ಸಲಹೆ ಜಾಸ್ತಿ ಇದ್ದ ಕಾಲದಲ್ಲಿ, ಒಂದೂರಲ್ಲಿ ದೇವೀರಿ ಅಂತ ಒಬ್ಬ ಅಕ್ಕ, ಚೆಲುವ ಅಂತ ಅವಳ ತಮ್ಮ ಇದ್ದರಂತೆ. ಅಪ್ಪ ಅವ್ವ ಇರಲಿಲ್ಲ. ಅವ್ವ ಬಿಟ್ಟುಹೋದದ್ದು ಮೂರೇ, ಒಂದು ಜೊತೆ ಓಲೆ, ಒಂದು ಎಮ್ಮೆ, ಒಂದು ಪುರಿಭಟ್ಟಿ. ಅಕ್ಕ ಕಾದ ಮರಳಲ್ಲಿ ಪುರಿ ಹುರಿಯುತ್ತಿದ್ದಳು, ತಮ್ಮ ಮೂಟೆ ಹೊತ್ತು ಮಾರಿಕೊಂಡು ಬರುತ್ತಿದ್ದ. ಮೂಟೆಯಲ್ಲಿ ಕಾಲುಭಾಗ ದಾರಿಯಲ್ಲೇ ಅವನ ಹೊಟ್ಟೆಗೆ ಹೋಗುತ್ತಿತ್ತು, ಅಕ್ಕ ಬೈದರೆ ಗಾಳಿಗೆ ಹಾರಿಹೋಯ್ತು ಅನ್ನುತ್ತಿದ್ದನಂತೆ.

ಹೀಗಿರುವಾಗ ಒಂದು ದಿನ, ಮಾರಿ ಉಳಿದ ಪುರಿ ಒಂದು ಹಿಡಿಯೂ ಹಾರಿಹೋಗದೆ ಮನೆಗೆ ಬಂತಂತೆ. ದೇವೀರಿಗೆ ಭಯ ಹುಟ್ಟಿದ್ದೇ ಅಲ್ಲಿಂದ. ಆಮೇಲೆ ಚೆಲುವನಿಗೆ ಸಂಜೆಯಾದರೆ ಜ್ವರ, ಹಲ್ಲುಜ್ಜಿದರೆ ವಸಡಲ್ಲಿ ರಕ್ತ, ಮೈಗೆ ಎಲ್ಲಿ ಏನು ತಾಗಿದರೂ ನೀಲಿ ಕಲೆ, ಮುಖ ಸುಣ್ಣ ಬಳಿದ ಗೋಡೆ. ಗಾಡಿ ಕಟ್ಟಿಸಿಕೊಂಡು ಪಟ್ಟಣದ ವೈದ್ಯರ ಹತ್ತಿರ ಕರೆದುಕೊಂಡು ಹೋದಳಂತೆ. ವೈದ್ಯರು ನೋಡಿ, ಎಲ್ಲರ ರಕ್ತದಲ್ಲೂ ಮೈ ಕಾಯೋ ಬಿಳಿ ಕಾವಲುಗಾರರು ಇರುತ್ತಾರಮ್ಮ, ಇವನ ರಕ್ತದಲ್ಲಿ ಅವರು ಕಾವಲು ಬಿಟ್ಟು ಬರೀ ಸಂಸಾರ ಬೆಳೆಸಿಕೊಂಡು ಕೂತಿದ್ದಾರೆ, ಕೆಂಪಿನವರಿಗೆ ಕಾಲಿಡೋಕೆ ಜಾಗ ಇಲ್ಲ ಅಂದರಂತೆ. ಔಷಧಿ ಇದೆ, ಮೂರು ಸುತ್ತು, ಒಂದೊಂದು ಹುಣ್ಣಿಮೆಗೆ ಒಂದೊಂದು. ಮೂರನೇದು ತಪ್ಪಿದರೆ ಆ ಬಿಳಿಯವರು ದುಪ್ಪಟ್ಟಾಗಿ ಬರುತ್ತಾರೆ, ಆಮೇಲೆ ನನ್ನ ಹತ್ತಿರ ಬಂದು ಪ್ರಯೋಜನವಿಲ್ಲ. ಇದೆಲ್ಲ ಹೇಳಿ, ಔಷಧಿಯ ಬೆಲೆಯನ್ನೂ ಅದೇ ದನಿಯಲ್ಲಿ ಹೇಳಿದರಂತೆ.

ಮೊದಲ ಸುತ್ತಿಗೆ ಓಲೆ ಹೋಯಿತು, ಚೆಲುವನ ಕೂದಲೂ ಹೋಯಿತು. ಎರಡನೇ ಸುತ್ತಿಗೆ ಎಮ್ಮೆ ಹೋಯಿತು, ಬಾಯೆಲ್ಲ ಹುಣ್ಣಾಗಿ ಗಂಜಿ ನುಂಗುವ ಶಕ್ತಿಯೂ ಹೋಯಿತು. ಮೂರನೇ ಸುತ್ತಿಗೆ ಉಳಿದದ್ದು ಭಟ್ಟಿ. ಮಣ್ಣಿನ ಒಲೆಯನ್ನು ಯಾರು ಕೊಳ್ಳುತ್ತಾರೆ?

ಊರವರು ನೋಡಲು ಬರದೆ ಇರಲಿಲ್ಲ, ಪಾಪ. ಒಬ್ಬೊಬ್ಬರೂ ಎರಡು ನಿಂಬೆಹಣ್ಣು, ನಾಲ್ಕು ಸಲಹೆ ತಂದರು. ಹೋಗುವಾಗ, ಏನಾದರೂ ಬೇಕಾದರೆ ಕೇಳವ್ವ, ಸಂಕೋಚ ಮಾಡ್ಕೋಬೇಡ ಅಂದರು. ದೇವೀರಿ ಸಂಕೋಚ ಬಿಟ್ಟು ಕೇಳಿದ ದಿನ ಎಲ್ಲರಿಗೂ ತೋಟದಲ್ಲಿ ಕೆಲಸ ಬಂತಂತೆ.

ಆಗ ಅವಳಿಗೆ ಮುಯ್ಯಿ ನೆನಪಾಯಿತು. ಮುಯ್ಯಿ ಅಂದರೆ ಗೊತ್ತಲ್ಲ ಮಗಾ, ಅವರ ಮನೆ ಮದುವೆಗೆ ನಾವು ದುಡ್ಡು ಹಾಕೋದು, ನಮ್ಮ ಮನೆ ಮದುವೆಗೆ ಅವರು ವಾಪಸ್ ಹಾಕೋದು. ಅವ್ವ ಬದುಕಿದ್ದಾಗ ಊರಿನ ಒಂದು ಮದುವೆಗೂ ತಪ್ಪಿಸದೆ ಮುಯ್ಯಿ ಹಾಕಿದ್ದಳು. ಇವರ ಮನೆಯಲ್ಲಿ ಒಂದು ಮದುವೆಯೂ ಆಗಿರಲಿಲ್ಲ. ಅಂದರೆ ಊರಿಗೆ ಊರೇ ಇವರ ಸಾಲದಲ್ಲಿತ್ತು.

ದೇವೀರಿ ಮೂರು ಬಾಗಿಲಿಗೆ ಹೋದಳಂತೆ. ಸೋದರಮಾವ, ನಿನ್ನ ಮದುವೆ ಆಗಲಿ ತಾಯಿ, ಮೊದಲ ಮುಯ್ಯಿ ನನ್ನದೇ ಅಂದ. ಅಂಗಡಿ ಪುಟ್ಟಕ್ಕ, ಹುಣ್ಣಿಮೆ ಕಳೀಲಿ ನೋಡೋಣ ಅಂದಳು. ಗೌಡರು ಮಾತ್ರ ಮನಸ್ಸು ಬಿಚ್ಚಿ ಮಾತಾಡಿದರು. ಮುಯ್ಯಿ ಶುಭಕ್ಕೆ ಕಣಮ್ಮ, ಕಾಯಿಲೆ ಮನೆಗೆ ಮುಯ್ಯಿ ಹಾಕಿದರೆ ನಾಳೆ ನೀವು ನಮಗೆ ವಾಪಸ್ ಕೊಡೋದೇನು, ಕಾಯಿಲೇನಾ? ದೇವೀರಿ ಎದ್ದು ಬಂದಳಂತೆ.

ಹುಣ್ಣಿಮೆ ಹತ್ತಿರ ಬರುತ್ತಿತ್ತು. ಚೆಲುವ ಮೊಣಕೈ ಊರಿ ಏಳುವುದನ್ನೂ ಬಿಟ್ಟಿದ್ದ. ಅಕ್ಕಾ, ಸಾಕು ಬಿಡು, ಭಟ್ಟಿ ಇದ್ದರೆ ನೀನಾದರೂ ಬದುಕ್ತೀಯ ಅಂದನಂತೆ. ಅವಳು ಹಿತ್ತಿಲಿಗೆ ಹೋಗಿ ನಿಂತಳು. ಅಲ್ಲಿ ಯಾರೂ ನೆಡದೆ ಎದ್ದ ಅರಳಿ ಗಿಡ, ಅದಕ್ಕೆ ಒರಗಿಕೊಂಡು ಒಂದು ಬೇವಿನ ಗಿಡ. ಅರಳಿಗೂ ಬೇವಿಗೂ ಮದುವೆ ಮಾಡುವುದು ಅಂದಿನಿಂದ ಇಂದಿನವರೆಗೂ ಇದ್ದದ್ದೇ, ತಾಳಿ, ಧಾರೆ, ಓಲಗ, ಊಟ, ಯಾವುದಕ್ಕೂ ಕಡಿಮೆಯಿಲ್ಲ. ದೇವೀರಿ ಅವೆರಡನ್ನೂ ತುಂಬ ಹೊತ್ತು ನೋಡಿದಳಂತೆ, ಮದುವೆ ವಯಸ್ಸಿಗೆ ಬಂದ ಮಕ್ಕಳನ್ನು ನೋಡಿದ ಹಾಗೆ.

ಮಾರನೆಯ ದಿನ ಅರಿಶಿನ ಕುಂಕುಮ ಹಿಡಿದು ಮನೆಮನೆಗೂ ಕರೆದಳು, ನಮ್ಮ ಮನೆ ಮದುವೆ, ಎಲ್ಲರೂ ಬರಬೇಕು. ಗೌಡರು ನಕ್ಕರಂತೆ, ಗಿಡದ ಮದುವೆಗೂ ಮುಯ್ಯಿನಾ ಅಂತ. ಆಗ ದೇವೀರಿ ತಲೆ ಎತ್ತದೆ ಹೇಳಿದಳಂತೆ:

"ಬೇಡ ಅಂತ ನೀವೇ ಹೇಳಿಬಿಡಿ ಗೌಡ್ರೇ. ಈ ಊರಲ್ಲಿ ಹಾಕಿದ ಮುಯ್ಯಿ ವಾಪಸ್ ಕೊಡಬೇಕಾಗಿಲ್ಲ ಅಂತ ಎಲ್ಲರಿಗೂ ತಿಳಿಸ್ತೀನಿ. ಬರೋ ತಿಂಗಳು ನಿಮ್ಮ ಮಗಳ ಮದುವೆ ಅಲ್ವಾ?"

ಗೌಡರ ನಗು ಅಲ್ಲೇ ನಿಂತಿತಂತೆ.

ಆಮೇಲೆ ಮದುವೆಯ ದಿನ ಬಂತು. ಊಟಕ್ಕೆ ಕಾಸಿರಲಿಲ್ಲ, ಪುರಿಗೆ ಬೆಲ್ಲ, ಕಾಯಿತುರಿ ಕಲಸಿ ಇಟ್ಟಿದ್ದಳು. ಜನ ಬಂದರು, ಬರದೆ ಏನು, ಗಿಡದ ಮದುವೆಯಲ್ಲಿ ಬೀಗರು ಜಗಳ ಆಡುವುದಿಲ್ಲವಲ್ಲ. ತಾಳಿ ಕಟ್ಟಿದ್ದಾಯಿತು. ಬೇವಿನ ಕಡೆ ಧಾರೆ ಎರೆಯಬೇಕಾದವನು ಚೆಲುವ. ಬೋಳುತಲೆ, ಕಡ್ಡಿ ಕೈ, ಅಕ್ಕನ ಭುಜಕ್ಕೆ ಒರಗಿ ಹೊರಗೆ ಬಂದ. ಚೊಂಬು ವಾಲಿ ನೀರು ಅರ್ಧ ಗಿಡಕ್ಕೆ, ಅರ್ಧ ಅವನ ಕಾಲಿಗೆ ಬಿತ್ತು. ಓಲಗದವನಿಗೆ ಊದುವುದೇ ಮರೆತುಹೋಯಿತಂತೆ. ಸಲಹೆ ಕೊಟ್ಟವರೆಲ್ಲ ನೆಲ ನೋಡುತ್ತಿದ್ದರು.

ಮುಯ್ಯಿಯ ತಟ್ಟೆ ಚಾಪೆಯ ಮೇಲಿತ್ತು. ಯಾರೂ ಮೊದಲು ಹಾಕಲಿಲ್ಲ. ಸೋದರಮಾವ ಪುಟ್ಟಕ್ಕನ ಮುಖ ನೋಡಿದ, ಪುಟ್ಟಕ್ಕ ಗೌಡರ ಮುಖ ನೋಡಿದಳು, ಗೌಡರು ಆಕಾಶ ನೋಡಿದರು. ದೇವೀರಿಗೆ ತಟ್ಟೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ತಟ್ಟೆ ಹೀಗೇ ಉಳಿದರೆ ತಮ್ಮ ಉಳಿಯುವುದಿಲ್ಲ.

ಕೊನೆಗೆ ಗೌಡರ ಹೆಂಡತಿ ಎದ್ದಳಂತೆ. "ನನ್ನ ಮದುವೇಲಿ ಇವರವ್ವ ಮೊದಲು ಹಾಕಿದ್ದು," ಅಂದಳು. "ನೀವು ಆಕಾಶ ನೋಡ್ತಾ ಇರಿ." ಕೈಯ ಬಳೆ ಒಂದು ಬಿಚ್ಚಿ ತಟ್ಟೆಗೆ ಹಾಕಿದಳು. ಯಾರು ಎಷ್ಟು ಹಾಕಿದರು ಅಂತ ಕೂಗಿ ಹೇಳುವುದು ಮುಯ್ಯಿಯ ಪದ್ಧತಿ. ಗೌಡತಿ ಬಳೆ ಹಾಕಿದ್ದು ಕೂಗಿದ ಮೇಲೆ ಯಾರಿಗೂ ಕಡಿಮೆ ಹಾಕುವ ಧೈರ್ಯ ಬರಲಿಲ್ಲ. ಸೋದರಮಾವ ಮೊದಲ ಮುಯ್ಯಿ ತಪ್ಪಿಹೋಯ್ತಲ್ಲ ಅಂತ ಕೊರಗುತ್ತಲೇ ಹಾಕಿದನಂತೆ.

ಸತ್ತುಹೋದನಾ ಅಜ್ಜೀ ಅಂತ ಆಗಿನಿಂದ ಕೈ ಹಿಸುಕ್ತಾ ಇದೀಯ. ಕೇಳು.

ಹುಣ್ಣಿಮೆಗೆ ಮೂರನೇ ಸುತ್ತು ಆಯಿತು. ಅದು ಮೊದಲೆರಡಕ್ಕಿಂತ ಕೆಟ್ಟದಾಗಿತ್ತು. ಜ್ವರ ಇಳಿಯುವುದು, ಏರುವುದು, ದೇವೀರಿ ಉಸಿರು ಎಣಿಸುತ್ತಾ ಕೂರುವುದು. ಹೀಗೇ ದಿನ ಕಳೆದು ಒಂದು ಬೆಳಿಗ್ಗೆ ಅವಳು ಭಟ್ಟಿಯ ಪಕ್ಕ ಕಟ್ಟಿಟ್ಟಿದ್ದ ಮೂಟೆ ಎತ್ತಿದರೆ, ಕೈಗೆ ಹಗುರವಾಗಿ ಬಂತಂತೆ. ಬಿಚ್ಚಿ ನೋಡಿದಳು, ಕಾಲುಭಾಗ ಇಲ್ಲ. ತಿರುಗಿದರೆ ಚೆಲುವ ಗೋಡೆಗೆ ಒರಗಿ ಕೂತಿದ್ದಾನೆ, ತುಟಿಯಲ್ಲಿ ಪುರಿಯ ಹೊಟ್ಟು.

ಗಾಳಿಗೆ ಹಾರಿಹೋಯ್ತಕ್ಕಾ, ಅಂದನಂತೆ.

ದೇವೀರಿ ಅಲ್ಲೇ ಕೂತು, ಅವತ್ತಿನವರೆಗೆ ಬಾಕಿ ಇಟ್ಟಿದ್ದ ಅಳುವನ್ನೆಲ್ಲ ಅತ್ತಳಂತೆ. ಆಮೇಲೆ ಎದ್ದು ಬೈದಳಂತೆ.

ಮುಂದೆ ಇಬ್ಬರೂ ಸುಖವಾಗಿದ್ದರು. ಊರಿನ ಪ್ರತಿ ಮದುವೆಗೂ ಹೋಗಿ ಮುಯ್ಯಿ ತೀರಿಸುವುದರಲ್ಲೇ ಅವರ ಆಯಸ್ಸು ಕಳೆಯಿತು, ಸುಖ ಅಂದರೆ ಅಷ್ಟೇ ತಾನೇ. ಆ ಊರಲ್ಲಿ ಮಾತ್ರ, ಅವತ್ತಿನಿಂದ ಯಾರ ಮನೆಗೆ ಕಾಯಿಲೆ ಬಂದರೂ ಹಿತ್ತಿಲ ಗಿಡಕ್ಕೆ ಮದುವೆ ಮಾಡುತ್ತಾರೆ, ಜನ ನಿಂಬೆಹಣ್ಣು ಬಿಟ್ಟು ದುಡ್ಡು ತರುತ್ತಾರೆ. ಈಗ ಅಲ್ಲಿ ಮದುವೆಯಾಗದ ಮರ ಒಂದೂ ಉಳಿದಿಲ್ಲವಂತೆ.

ಅವರು ಅಲ್ಲಿ ಚೆನ್ನಾಗಿದ್ದಾರೆ, ನಾವು ಇಲ್ಲಿ ಚೆನ್ನಾಗಿದ್ದೇವೆ. ಕತೆಯೂ ಆಯಿತು, ಕಣ್ಣು ಮುಚ್ಚು.