ಹಕ್ಕಿಯ ಪಾಲು

“ಬುದ್ಧಿ, ಹಕ್ಕಿಗಳಿಗೆ ಕೇಡಾಗಬಾರದೆಂದು ಗಾಳಿಯಂತ್ರಗಳನ್ನು ಕೆರೆಯಿಂದ ದೂರ, ನಮ್ಮ ಮಠದ ಗುಡ್ಡದ ಮೇಲೆ ಹಾಕಿಸುತ್ತಿದ್ದೇನೆ. ನಾಳೆ ಒಪ್ಪಿಗೆ ಕೊಡಬೇಕು. ಇಷ್ಟು ನೋಡಿಕೊಂಡರೆ ಸಾಲದೇ?” ಎಂದು ಶಿಷ್ಯ ನಿರ್ವಾಣಯ್ಯ ಕೇಳಿದ.

ಗುರುಗಳು ಹೇಳಿದರು: “ಸಾಲುತ್ತದೋ ಇಲ್ಲವೋ, ಮೊದಲು ಕೇಳು.

ಒಬ್ಬ ರೈತನಿದ್ದ. ಹೆಬ್ಬಾತುಗಳೆಂದರೆ ಅವನಿಗೆ ಪ್ರಾಣ. ಚಳಿಗಾಲಕ್ಕೆ ಅವು ದೂರದ ನಾಡಿನಿಂದ ಊರ ಕೆರೆಗೆ ಬಂದಿಳಿದರೆ ಮಗಳು ತವರಿಗೆ ಬಂದಷ್ಟು ಹಿಗ್ಗು. ಹಕ್ಕಿಯ ಪಾಲೆಂದು ಹೊಲದ ಒಂದು ಮೂಲೆಯ ಶೇಂಗಾ ಕೀಳದೆ ಬಿಡುತ್ತಿದ್ದ. ಅವನಪ್ಪನೂ ಬಿಟ್ಟಿದ್ದ, ಅಜ್ಜನೂ ಬಿಟ್ಟಿದ್ದ. ಬೆಳಿಗ್ಗೆ ಹೋಗಿ ನೋಡಿದರೆ ಬರೀ ಸಿಪ್ಪೆ. ತಿಂದು ಹೋದವಲ್ಲ ಎಂದು ಸಂತೋಷಪಡುತ್ತಿದ್ದ.

ಗಾಳಿಯಂತ್ರ ಹಾಕುವವರು ಬಂದು ಕೆರೆಯ ದಂಡೆ ಕೇಳಿದಾಗ ಈತ ಸಿಟ್ಟಿನಿಂದ ಕೆಂಡವಾದ. ‘ಹಕ್ಕಿಯ ಕುತ್ತಿಗೆ ಕೊಯ್ಯಲು ಬಂದಿರೇನು? ಬೇಕಾದರೆ ನನ್ನ ಗುಡ್ಡವಿದೆ, ಅಲ್ಲಿ ನಿಲ್ಲಿಸಿ!’ ಎಂದ. ಅವರು ಹಗಲೆಲ್ಲ ನಿಂತು ನೋಡಿದರು. ಹಕ್ಕಿಗಳು ಕೆರೆ ಬಿಟ್ಟು ಕದಲಲಿಲ್ಲ. ಯಂತ್ರಗಳು ಗುಡ್ಡದ ಮೇಲೆ ಎದ್ದವು. ಕೆರೆ ಉಳಿಸಿದೆನೆಂದು ರೈತ ಊರೆಲ್ಲ ಮೀಸೆ ತಿರುವಿಕೊಂಡು ಓಡಾಡಿದ. ತಿರುವಲಿ ಬಿಡು, ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಆ ಚಳಿಗಾಲವೂ ಹಕ್ಕಿಗಳು ಬಂದವು. ಒಂದು ಮುಂಜಾನೆ ಹೆಂಡತಿ ಗುಡ್ಡದ ಮೇಲಿಂದ ಚೀರಿದಳು. ಓಡಿಹೋದ. ಅಯ್ಯೋ ಶಿವನೇ! ಯಂತ್ರದ ಬುಡದ ಸುತ್ತ ಹೆಬ್ಬಾತುಗಳು ಬಿದ್ದಿದ್ದವು. ಒಂದಕ್ಕೆ ರೆಕ್ಕೆಯಿಲ್ಲ, ಒಂದಕ್ಕೆ ತಲೆಯಿಲ್ಲ.

‘ಕೆರೆ ಬಿಟ್ಟು ಇವು ಇಲ್ಲಿಗೆ ಯಾಕೆ ಬಂದವು ರೀ?’ ಎಂದು ಹೆಂಡತಿ ಅತ್ತಳು.

ಅವನು ಒಂದು ಹಕ್ಕಿಯನ್ನು ಎತ್ತಿಕೊಂಡ. ಮೈ ಇನ್ನೂ ಬೆಚ್ಚಗಿತ್ತು. ಸೀಳಿದ ಗಂಟಲಿನಿಂದ ಶೇಂಗಾ ಕಾಳುಗಳು ಅವನ ಅಂಗೈಗೆ ಉದುರಿದವು. ರೈತ ಬೆಚ್ಚಿ ಗುಡ್ಡದ ಆಚೆ ಬದಿಗೆ ನೋಡಿದ. ಕೆಳಗೆ ಅವನದೇ ಹೊಲ. ಹಗಲು ಕೆರೆಯಲ್ಲಿ ತೇಲುವ ಹಕ್ಕಿಗಳು ಕತ್ತಲಾಗುತ್ತಲೇ ಗುಡ್ಡ ದಾಟಿ ಮೇಯಲು ಹೋಗುತ್ತಿದ್ದವು, ಬೆಳಗಿನ ಜಾವ ಗುಡ್ಡ ದಾಟಿಯೇ ಮರಳುತ್ತಿದ್ದವು. ಅವು ಬರುವ ದಾರಿಯನ್ನು ಅವನು ಎಂದೂ ನೋಡಿರಲಿಲ್ಲ. ಉಣ್ಣಲು ಕರೆದವನೂ ಅವನೇ, ದಾರಿಯಲ್ಲಿ ಕತ್ತಿ ನಿಲ್ಲಿಸಿದವನೂ ಅವನೇ.”

ನಿರ್ವಾಣಯ್ಯ, “ಆದರೆ ಬುದ್ಧಿ, ನಮ್ಮ ಗುಡ್ಡ ಕೆರೆಗೆ ಬಹಳ ದೂರ...” ಎಂದ.

ಗುರುಗಳು ಕೇಳಿದರು: “ದೂರವೆಂದೆಯಲ್ಲ, ಮುಸ್ಸಂಜೆ ಹೊತ್ತು ಆ ಗುಡ್ಡದ ಮೇಲೆ ನಿಂತು ಒಮ್ಮೆಯಾದರೂ ತಲೆಯೆತ್ತಿ ನೋಡಿದ್ದೀಯಾ?”