ಅರಿಶಿನ ಸವರಿದ ಓಲೆ

ನದಿಯ ದಡದ ಆಶ್ರಮದಲ್ಲಿ ಪಾಯಣ್ಣ ಎಂಬ ವೈದ್ಯಗುರು ಇದ್ದರು. ಅವರ ಶಿಷ್ಯ ನೇಮಣ್ಣನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿ.

ಆ ಆಶ್ರಮದಿಂದ ಯಾವ ಮದ್ದು ಹೊರಟರೂ ಜೊತೆಗೆ ಒಂದು ತಾಳೆಯೋಲೆ ಹೋಗಬೇಕು, ಎಷ್ಟು ಕೊಡಬೇಕೆಂದು ಬರೆದು. ಓಲೆಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದ ಅಕ್ಷರ ಹಾಗೆಯೇ ಕಾಣುವುದಿಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಸವರಿ, ಒರೆಸಬೇಕು. ಗೀರಿನಲ್ಲಿ ಮಸಿ ನಿಂತು ಅಕ್ಷರ ಏಳುತ್ತದೆ.

ನೇಮಣ್ಣನಿಗೆ ಆ ಮಸಿ ಕಂಡರೆ ಆಗದು. ಓಲೆಯೂ ಮಂಕು, ಬೆರಳೂ ಕೊಳಕು. ಒಂದು ಬೆಳಿಗ್ಗೆ ಗುರುಗಳು ಬೇರು ಹುಡುಕಲು ಹೋದಾಗ ಹೊಸದಾಗಿ ಬರೆದಿಟ್ಟ ಓಲೆಗಳಿಗೆಲ್ಲ ಮಸಿಯ ಬದಲು ಅರಿಶಿನ ಸವರಿದ. ಅವು ಚಿನ್ನದ ತಗಡಿನಂತೆ ಹೊಳೆದವು.

ಗುರುಗಳು ಬಂದೊಡನೆ ಓಲೆಗಳನ್ನು ಮುಂದಿಟ್ಟ. ಒಂದನ್ನು ಆಚೆ ದಡದ ಮುದುಕಿ ಬೊಮ್ಮವ್ವನಿಗೆ, ಅವಳ ಸೊಸೆಯ ಜ್ವರದ ಬೇರಿನ ಜೊತೆ ಆಗಲೇ ಕಳಿಸಿದೆನೆಂದು ಹೆಮ್ಮೆಯಿಂದ ಹೇಳಿದ.

ಗುರುಗಳು ಹೊಗಳಲಿಲ್ಲ. ಅವನನ್ನು ಅಡುಗೆಮನೆಗೆ ಕರೆದೊಯ್ದು ಹೊಗೆಯಾಡುವ ಒಲೆಯ ಪಕ್ಕ ಕೂರಿಸಿದರು. ಕಟ್ಟಿನಿಂದ ಕೈಗೆ ಸಿಕ್ಕ ಒಂದು ಓಲೆ ಎಳೆದು ಕೊಟ್ಟರು.

“ಓದು.”

ನೇಮಣ್ಣ ಓಲೆಯನ್ನು ವಾರೆ ಮಾಡಿದ. ಮೂಗಿನ ಹತ್ತಿರ ತಂದ. ಹಳದಿ ಓಲೆ, ಹಳದಿ ಗೀರು. ಬರೆದವನಿಗೇ ಒಂದಕ್ಷರ ಕಾಣಲಿಲ್ಲ.

“ಬೊಮ್ಮವ್ವನ ವಯಸ್ಸೆಷ್ಟು?” ಎಂದರು ಗುರುಗಳು.

ನೇಮಣ್ಣ ಓಲೆ ಕೆಳಗಿಟ್ಟು ಎದ್ದ. ಆ ಬೇರನ್ನು ಕಲ್ಲಿನ ಮೇಲೆ ಮೂರು ಸುತ್ತು ತೇದು ಕುಡಿಸಿದರೆ ಜ್ವರ ಬಿಡುತ್ತದೆ. ಹತ್ತು ಸುತ್ತು ತೇದರೆ ಉಸಿರು ನಿಲ್ಲುತ್ತದೆ. ಹಾಗೆಂದು ತಾನೇ ದುಂಡಗೆ ಬರೆದಿದ್ದ.

ಇಬ್ಬರೂ ನದಿಗೆ ಬಂದರು. ದೋಣಿ ಆಚೆ ದಡದಲ್ಲಿತ್ತು. ನೇಮಣ್ಣ ಗಂಟಲು ಹರಿಯುವಂತೆ ಕೂಗಿದ. ಅಂಬಿಗ ಬುತ್ತಿ ಮುಗಿಸಿ, ಕೈ ತೊಳೆದು, ನಿಧಾನವಾಗಿ ಬಂದ. ದೋಣಿಯಲ್ಲಿ ಕೂತೊಡನೆ ನೇಮಣ್ಣ ಕೇಳಿದ.

“ಗುರುಗಳೇ, ಅವಳು ಓಲೆ ಓದದೆಯೇ ಕುಡಿಸಿಬಿಟ್ಟಿದ್ದರೆ?”

“ಓದಲಿ ಅಂತಲ್ಲವೇ ಕಳಿಸಿದ್ದು?”

ಬೊಮ್ಮವ್ವನ ಮನೆಯ ಜಗಲಿಯಲ್ಲಿ ತೇಯುವ ಕಲ್ಲು ಒದ್ದೆಯಾಗಿತ್ತು. ಪಕ್ಕದ ಬಟ್ಟಲು ಖಾಲಿ. ಒಳಗೆ ಚಾಪೆಯ ಮೇಲೆ ಸೊಸೆ ಅಲ್ಲಾಡದೆ ಮಲಗಿದ್ದಳು. ನೇಮಣ್ಣನಿಗೆ ಹೊಸ್ತಿಲು ದಾಟಲು ಆಗಲಿಲ್ಲ.

ಗುರುಗಳು ಒಳಗೆ ಹೋಗಿ ನಾಡಿ ಹಿಡಿದು ಬಹಳ ಹೊತ್ತು ಕೂತರು.

ಹಿತ್ತಲಿಂದ ಬೊಮ್ಮವ್ವ ಓಲೆ ಹಿಡಿದುಕೊಂಡೇ ಬಂದಳು. ಕಣ್ಣು ಕೆಂಪಾಗಿದ್ದವು.

“ತೇದಿದ್ದೆ ಕಣಪ್ಪ. ಎಷ್ಟು ಅಂತ ಕಾಣಲೇ ಇಲ್ಲ. ಅಂದಾಜಿಗೆ ಕುಡಿಸೋಕೆ ಕೈ ಬರಲಿಲ್ಲ, ಬೂದಿಗುಂಡಿಗೆ ಚೆಲ್ಲಿದೆ. ನನ್ನ ಕಣ್ಣು ಹೋಯ್ತು ಅಂತ ಅಳ್ತಾ ಕೂತಿದ್ದೆ.”

ಸೊಸೆ ಜ್ವರದ ಮಂಪರಿನಲ್ಲಿ ನರಳಿದಳು. ಆ ನರಳಿಕೆ ಕೇಳಿ ನೇಮಣ್ಣನಿಗೆ ಅಳು ಬಂತು.

ಗುರುಗಳು ಗಡಿಗೆಯ ತಳದ ಮಸಿಯನ್ನು ಹೆಬ್ಬೆರಳಿನಿಂದ ಕೆರೆದು, ಒಂದು ಹನಿ ಎಣ್ಣೆ ಸೇರಿಸಿ ಓಲೆಗೆ ಸವರಿದರು. ಪಂಚೆಯ ಅಂಚಿನಿಂದ ಒರೆಸಿದರು. ಅಕ್ಷರಗಳು ಕಪ್ಪಗೆ ಎದ್ದವು.

ಬೊಮ್ಮವ್ವ ನಿಂತಲ್ಲಿಂದಲೇ ಓದಿದಳು, ಮೂರು ಸುತ್ತು ಎಂದು. ಎಣಿಸಿ ಮೂರೇ ಸುತ್ತು ತೇದು ಕುಡಿಸಿದಳು. ಸಂಜೆಯ ಹೊತ್ತಿಗೆ ಸೊಸೆಯ ಹಣೆ ಬೆವರಿತು.

ಹಿಂದಿರುಗುವಾಗ ನೇಮಣ್ಣ ದೋಣಿಯಲ್ಲಿ ಗುರುಗಳ ಎದುರು ಕೂತ. ದಡ ಹತ್ತಿರವಾದಾಗ ಮೆಲ್ಲಗೆ ಕೇಳಿದ.

“ಗುರುಗಳೇ, ಇನ್ನು ಮುಂದೆ ಓಲೆಗೆ ಎಷ್ಟು ಮಸಿ ಸವರಲಿ?”

ಗುರುಗಳು ತಮ್ಮ ಕಪ್ಪು ಹೆಬ್ಬೆರಳನ್ನು ನೀರಿನಲ್ಲಿ ಅದ್ದಿದರು.

“ಆ ಖಾಲಿ ಬಟ್ಟಲು ಕಂಡಾಗ ನಿನಗೆ ಎಷ್ಟು ಭಯವಾಯಿತೋ, ಅಷ್ಟು.”