ಬರಿ ನೀರು ಕುಡಿದ ಸೂಜಕ್ಕ

ಕುರುಚಲು ಕಾಡಿನ ನಡುವೆ ಒಂದು ಕೊಳ. ಕೊಳದ ದಡದಲ್ಲಿ ನೀರಿನ ಮೇಲಕ್ಕೆ ಬಾಗಿದ ಒಂದು ಹೊಂಗೆ ಮರ. ಆ ಮರದ ಬುಡದಲ್ಲಿ ಮುಳ್ಳುಹಂದಿ ಪಂಡಿತರು ಪ್ರಾಣಿಗಳಿಗೆ ಮದ್ದು ಕೊಡುತ್ತಿದ್ದರು. ಬೆಳಗಾದರೆ ಹೊಟ್ಟೆನೋವಿನವರು, ಕಾಲು ಉಳುಕಿದವರು ಬಂದು ಸಾಲಾಗಿ ನಿಲ್ಲುತ್ತಿದ್ದರು. ಹೌದು ಮಕ್ಕಳೇ, ಸಾಲಾಗಿ. ಕಾಡಿನ ಪ್ರಾಣಿಗಳಿಗೆ ಬರುವುದು ನಿಮಗೂ ಬರಬೇಕು.

ಒಂದು ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿತ್ತು. ಆಮೇಲೆ ಮಳೆ ಬಂತು, ಬೆಂಕಿ ಆರಿತು, ಹುಲ್ಲು ಚಿಗುರಿತು. ಆದರೆ ಮೊಲದಮ್ಮನ ಮನಸ್ಸಿನ ಅಂಜಿಕೆ ಮಾತ್ರ ಹೋಗಲಿಲ್ಲ. ಒಂದು ಎಲೆ ಅಲ್ಲಾಡಿದರೂ ಅವಳಿಗೆ ನಡುಕ. ಬಿಲದಿಂದ ಹೊರಗೆ ಕಾಲಿಡುತ್ತಿರಲಿಲ್ಲ. ನೆರೆಯವರು ಬಾಗಿಲಿಗೆ ತಂದಿಟ್ಟ ಹುಲ್ಲಿನಲ್ಲಿ ಹೊಗೆಯ ವಾಸನೆ ಇದೆ ಎಂದು ಎರಡು ಎಸಳು ತಿಂದು ಬಿಟ್ಟುಬಿಡುತ್ತಿದ್ದಳು. ತಾಯಿ ತಿನ್ನದಿದ್ದರೆ ಹಾಲು ಎಲ್ಲಿಂದ ಬರಬೇಕು? ಮೂರು ಮರಿಗಳು ದಿನದಿನಕ್ಕೆ ಸೊರಗುತ್ತಿದ್ದವು.

"ಇದಕ್ಕೆ ನನ್ನಲ್ಲಿ ಮದ್ದಿದೆ" ಎಂದರು ಪಂಡಿತರು.

ಬಂಡೆಯ ಸಂದಿಯಲ್ಲಿ ಅವರಿಗೆ ಒಂದು ಬಳ್ಳಿ ಸಿಕ್ಕಿತ್ತು. ಅದರ ಎಲೆಯನ್ನು ಅರೆದು ಹಿಂಡಿದ ರಸ ಅಂಜಿಕೆಯನ್ನು ಕಳೆಯುತ್ತದೆ ಎಂದು ಅವರ ಎಣಿಕೆ. ಬಳ್ಳಿಯ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೊಬ್ಬರು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತೀರಿ.

ಕೊಳದ ಆಮೆಜ್ಜಿ ನೀರಿನಿಂದ ತಲೆ ಎತ್ತಿ ಹೇಳಿದಳು. "ಹಾಲೂಡುವ ತಾಯಿಗೆ ಕೊಡುವ ಮುಂಚೆ ಬೇರೆ ಯಾರಿಗಾದರೂ ಕೊಟ್ಟು ನೋಡಪ್ಪ. ಮೂರು ದಿನ ನೋಡು. ಒಬ್ಬರಿಗೆ ರಸ ಕೊಡು, ಇನ್ನೊಬ್ಬರಿಗೆ ಬರಿ ನೀರು ಕೊಡು."

"ಬರಿ ನೀರು ಕೊಟ್ಟರೆ ಏನು ತಿಳಿಯುತ್ತದೆ ಅಜ್ಜಿ?"

"ಕೊಟ್ಟ ಮೇಲೆ ತಿಳಿಯುತ್ತದೆ."

ಮೊಲದಮ್ಮನ ನೆರೆಮನೆಯ ಎರಡು ಇಲಿಗಳು, ಸೂಜಿ ಮೂತಿಯ ಸೂಜಕ್ಕ ಮತ್ತು ದುಂಡು ಹೊಟ್ಟೆಯ ಗುಂಡಣ್ಣ, ತಾವಾಗಿಯೇ ಮುಂದೆ ಬಂದವು. ಬೆಂಕಿಯ ನಂತರ ಅವಕ್ಕೂ ಪುಕ್ಕಲು ಹಿಡಿದಿತ್ತು.

ಹೊಂಗೆಯಿಂದ ನೀರಿನ ಮೇಲಕ್ಕೆ ಎರಡು ಕೊಂಬೆಗಳು ಕವಲೊಡೆದಿದ್ದವು. ಒಂದರ ತುಂಬ ಎಲೆ, ಇನ್ನೊಂದು ಬೋಳು. ಇಲಿಯನ್ನು ಕವಲಿನಲ್ಲಿ ಕೂರಿಸುವುದು, ಅದು ಯಾವ ಕೊಂಬೆಗೆ ಹೋಗುತ್ತದೆ ಎಂದು ನೋಡುವುದು. ಅಂಜುವವರು ಎಲೆಯ ಮರೆಗೆ ಹೋಗುತ್ತಾರೆ, ಅಂಜದವರು ಬೋಳು ಕೊಂಬೆಗೂ ಹೋಗುತ್ತಾರೆ. ಇದು ಪಂಡಿತರ ಪರೀಕ್ಷೆ.

ಗುಂಡಣ್ಣನಿಗೆ ರಸ ಬಂತು, ಸೂಜಕ್ಕನಿಗೆ ನೀರು. ಸ್ವಲ್ಪ ಹೊತ್ತಿಗೆ ಗುಂಡಣ್ಣ ಬೋಳು ಕೊಂಬೆಯ ತುದಿಯವರೆಗೆ ಒಂಬತ್ತು ಸಲ ಹೋಗಿ ಬಂದ. ಸೂಜಕ್ಕ ಎಲೆಯ ಮರೆಯಲ್ಲಿ ಮುದುಡಿ ಕುಳಿತಳು.

ಪಂಡಿತರ ಮುಳ್ಳುಗಳೆಲ್ಲ ಹೆಮ್ಮೆಯಿಂದ ನೆಟ್ಟಗಾದವು. ಗುಂಡಣ್ಣನಿಗೆ ಒಂದು ಕಡಲೆಕಾಯಿ ಕೊಟ್ಟು ಬೆನ್ನು ಸವರಿದರು. ಸೂಜಕ್ಕನ ಕಡೆ ತಿರುಗಿಯೂ ನೋಡದೆ, "ನೀನು ಮನೆಗೆ ಹೋಗಮ್ಮ, ನಿನ್ನಿಂದ ಏನೂ ಆಗಬೇಕಾಗಿಲ್ಲ" ಎಂದರು.

"ನೀರು ಕುಡಿಯುವುದಕ್ಕೆ ಮರ ಹತ್ತಬೇಕಿತ್ತೇ ಸೂಜಿ? ಕೊಳ ನಿನ್ನ ಮನೆಯ ಮುಂದೆಯೇ ಇತ್ತಲ್ಲ" ಎಂದು ಗುಂಡಣ್ಣ ನಕ್ಕ.

"ಮೂರು ದಿನ ಇರುತ್ತೇನೆ ಎಂದು ಅಜ್ಜಿಯ ಮುಂದೆ ಒಪ್ಪಿಕೊಂಡಿದ್ದೇನೆ. ಇರುತ್ತೇನೆ" ಎಂದಳು ಸೂಜಕ್ಕ.

"ಇನ್ನೂ ಎರಡು ದಿನ ಬಾಕಿ ಇದೆ" ಎಂದು ಆಮೆಜ್ಜಿಯೂ ನೆನಪಿಸಿದಳು.

"ಎರಡು ದಿನ ಮರಿಗಳು ಉಪವಾಸ ಇರಬೇಕೇ?" ಎಂದರು ಪಂಡಿತರು. ಆ ಮಾತಿನಲ್ಲಿ ಕರುಣೆಯೂ ಇತ್ತು. ಆದರೆ ತಮ್ಮ ಮದ್ದನ್ನು ಎಲ್ಲರೂ ಬೇಗ ಹೊಗಳಲಿ ಎಂಬ ಆಸೆ ಅದಕ್ಕಿಂತ ಹೆಚ್ಚಾಗಿತ್ತು.

ಮರುದಿನ ಬೆಳಿಗ್ಗೆ ಅವರು ದೊನ್ನೆಯ ತುಂಬ ರಸ ಹಿಡಿದು ಮೊಲದಮ್ಮನ ಬಿಲದ ಬಾಯಲ್ಲಿ ನಿಂತರು. ಗುಂಡಣ್ಣ ಆಗಲೇ ಅವತ್ತಿನ ರಸ ಕುಡಿದು ಬೋಳು ಕೊಂಬೆಯ ಮೇಲೆ ಓಡಾಡುತ್ತಿದ್ದ. ಸೂಜಕ್ಕ ತನ್ನ ನೀರು ಕುಡಿದು ಎಲೆಯ ಮರೆಯಲ್ಲಿದ್ದಳು.

"ಅಲ್ಲಿ ನೋಡಿ ಮೊಲದಮ್ಮ, ನಿನ್ನೆಯವರೆಗೆ ನಿಮ್ಮ ಹಾಗೆಯೇ ನಡುಗುತ್ತಿದ್ದವನು. ಕುಡಿಯಿರಿ, ಮರಿಗಳನ್ನೂ ಕರೆದುಕೊಂಡು ಮೇಯಲು ಹೋಗಿ."

ಮೊಲದಮ್ಮ ದೊನ್ನೆಗೆ ಬಾಯಿ ಹಾಕಬೇಕು, ಅಷ್ಟರಲ್ಲಿ ನೀರಿನ ಮೇಲೆ ಒಂದು ನೆರಳು ಜಾರಿತು. ಹದ್ದು.

ಸೂಜಕ್ಕ ಕಿಚಕ್ಕೆಂದು ಎಲೆಯೊಳಗೆ ಮುಳುಗಿದಳು. ಗುಂಡಣ್ಣ ಮಾತ್ರ ತಲೆ ಎತ್ತಿ, "ಎಷ್ಟು ಅಗಲವಾದ ರೆಕ್ಕೆ" ಎಂದು ನೋಡುತ್ತ ನಿಂತ.

"ಓಡೋ ಗುಂಡಾ" ಎಂದು ಸೂಜಕ್ಕ ಕೂಗಿದಳು. ಅವನು ಅವಳತ್ತ ನೋಡಿ ಮುಗುಳ್ನಕ್ಕ. ಆಗ ಸೂಜಕ್ಕ, ಎಲೆಯ ಮರೆಯಿಂದ ಒಂದು ಸಲವೂ ಹೊರಗೆ ಬರದಿದ್ದವಳು, ಬೋಳು ಕೊಂಬೆಯ ಮೇಲೆ ಓಡಿದಳು. ಅವನ ಹೊಟ್ಟೆಗೆ ತಲೆ ಕೊಟ್ಟು ನೂಕಿದಳು. ಇಬ್ಬರೂ ದೊಪ್ಪನೆ ನೀರಿಗೆ ಬಿದ್ದರು. ಹದ್ದಿನ ಉಗುರಿಗೆ ಸಿಕ್ಕಿದ್ದು ಸೂಜಕ್ಕನ ಬಾಲದ ತುದಿ ಮಾತ್ರ.

ಆಮೆಜ್ಜಿ ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ದಡಕ್ಕೆ ತಂದಳು.

"ಹದ್ದು ಬಂದ ವೇಗಕ್ಕೆ ಯಾರು ತಾನೇ ಓಡುತ್ತಿದ್ದರು?" ಎಂದು ಪಂಡಿತರು ಶುರು ಮಾಡಿದರು. ಅಷ್ಟರಲ್ಲಿ ಅವರ ಕಣ್ಣು ಸೂಜಕ್ಕನ ಮೇಲೆ ಬಿತ್ತು. ಅದೇ ನೆರಳು, ಅದೇ ಮರ. ನೀರು ಕುಡಿದವಳು ಕಂಡ ಕೂಡಲೇ ಅಡಗಿದ್ದಳು. ರಸ ಕುಡಿದವನು ನಿಂತು ನೋಡಿದ್ದ. ತಪ್ಪು ಹದ್ದಿನ ವೇಗದ್ದಲ್ಲ, ರಸದ್ದು. ಅದು ಬೇಡದ ಅಂಜಿಕೆಯ ಜೊತೆಗೆ ಬೇಕಾದ ಅಂಜಿಕೆಯನ್ನೂ ತೊಳೆದುಹಾಕಿತ್ತು.

ಪಂಡಿತರು ಬಿಲದ ಬಾಯಲ್ಲಿದ್ದ ಮೂರು ಮರಿಗಳನ್ನು ನೋಡಿದರು. ದೊನ್ನೆಯನ್ನು ಎತ್ತಿ ನೆಲಕ್ಕೆ ಸುರಿದರು.

"ಸೂಜಮ್ಮ, ನಿನ್ನನ್ನು ಮನೆಗೆ ಹೋಗು ಎಂದಿದ್ದೆ. ನೀನು ಹೋಗಿದ್ದರೆ ಇವತ್ತಿನ ತಪ್ಪನ್ನು ನಾನು ಹದ್ದಿನ ಮೇಲೆ ಹಾಕಿ ಈ ತಾಯಿಗೆ ರಸ ಕುಡಿಸಿಬಿಡುತ್ತಿದ್ದೆ. ನಾನು ಆಡಿದ್ದು ತಪ್ಪು" ಎಂದರು.

"ಮೊದಲು ಬಾಲಕ್ಕೆ ಏನಾದರೂ ಹಚ್ಚಿ ಪಂಡಿತರೇ, ಉರಿಯುತ್ತಿದೆ" ಎಂದಳು ಸೂಜಕ್ಕ.

ಮತ್ತೆ ಮೊದಲಿನಿಂದ ಪರೀಕ್ಷೆ ನಡೆಯಿತು. ಈ ಸಲ ಗುಂಡಣ್ಣನಿಗೆ ದೊನ್ನೆ ನೀರಿಗೆ ಎರಡೇ ತೊಟ್ಟು ರಸ, ಸೂಜಕ್ಕನಿಗೆ ಮತ್ತೆ ಬರಿ ನೀರು. ಪೂರ್ತಿ ಮೂರು ದಿನ. ಅಷ್ಟು ದಿನ ನೆರೆಯವರು ಸರದಿಯಲ್ಲಿ ಮೊಲದಮ್ಮನ ಪಕ್ಕ ಕುಳಿತು ಒಂದೊಂದೇ ಎಸಳು ತಿನ್ನಿಸಿದರು. ಗುಂಡಣ್ಣ ಬೋಳು ಕೊಂಬೆಯ ಮೇಲೆ ಓಡಾಡಿದ. ಮೇಲೆ ಕಾಗೆ ಹಾರಿ ನೆರಳು ಬಿದ್ದಾಗಲೆಲ್ಲ ಎಲೆಯ ಮರೆಗೆ ಓಡಿ ಬಂದ. "ಸ್ವಲ್ಪ ಜರುಗು ಸೂಜಕ್ಕ" ಎಂದು ಅವಳ ಪಕ್ಕದಲ್ಲೇ ಕುಳಿತ. ಅವನು ಅವಳನ್ನು ಅಕ್ಕ ಎಂದು ಕರೆದದ್ದು ಅದೇ ಮೊದಲು.

ನಾಲ್ಕನೆಯ ದಿನ ಮೊಲದಮ್ಮ ಎರಡು ತೊಟ್ಟಿನ ದೊನ್ನೆ ಕುಡಿದಳು. ಸ್ವಲ್ಪ ಹೊತ್ತಿಗೆ ಮೂತಿ ಹೊರಗಿಟ್ಟಳು. ಆಮೇಲೆ ಕಾಲು. ಹುಲ್ಲು ಮೇಯ್ದಳು, ನಡುನಡುವೆ ಕಿವಿ ನಿಮಿರಿಸಿ ಆಕಾಶ ನೋಡಿದಳು, ಮತ್ತೆ ಮೇಯ್ದಳು. ಅವತ್ತು ಸಂಜೆ ಮೂರು ಮರಿಗಳೂ ಹೊಟ್ಟೆ ತುಂಬ ಹಾಲು ಕುಡಿದು ನಿದ್ದೆ ಹೋದವು.

ವಾರ ಕಳೆದು ಮೊಲದಮ್ಮ ಎಳೆಗರಿಕೆಯ ಕಟ್ಟೊಂದನ್ನು ತಂದು ಪಂಡಿತರ ಮುಂದೆ ಇಟ್ಟು ಕೈಮುಗಿದಳು.

"ನನಗಲ್ಲ" ಎಂದು ಪಂಡಿತರು ಸೂಜಕ್ಕನನ್ನು ತೋರಿಸಿದರು.

"ನೀನು ಯಾವ ಮದ್ದು ಕುಡಿದೆ ತಂಗಿ?" ಎಂದು ಮೊಲದಮ್ಮ ಕೇಳಿದಳು.

"ನಾನು ಬರಿ ನೀರು ಕುಡಿದೆ ಅಕ್ಕ."

ಮೊಲದಮ್ಮ ಮರಿಗಳನ್ನು ಸಾಲಾಗಿ ನಿಲ್ಲಿಸಿದಳು. ಒಂದೊಂದೂ ಮುಂದೆ ಬಂದು, ತಲೆ ಬಾಗಿಸಿ, ಗರಿಕೆಯ ಒಂದೊಂದು ಎಸಳನ್ನು ಸೂಜಕ್ಕನ ತುಂಡು ಬಾಲದ ಪಕ್ಕ ಇಟ್ಟಿತು. ಅದು ಮುಗಿಯುವವರೆಗೆ ಪಂಡಿತರು ತಮ್ಮ ಮುಳ್ಳುಗಳನ್ನೆಲ್ಲ ತಗ್ಗಿಸಿ ಎದ್ದು ನಿಂತಿದ್ದರು.

ನೀತಿ: ಒಳ್ಳೆಯದಾದಾಗ, ಏನೂ ಮಾಡದವರಂತೆ ಕಂಡರೂ ಒಪ್ಪಿಕೊಂಡ ಜಾಗವನ್ನು ಬಿಡದೆ ನಿಂತವರಿಗೂ ಕೃತಜ್ಞರಾಗಿರಬೇಕು.